ಭಾನುವಾರದ ವೋಲ್ಟೇಜು

ಒಳಗಡೆಯಿಂದಲ್ಲ ಕಣ್ರೋ, ಹೊರಗಡೆಯಿಂದ ಬೀಗ. ಒಳಗೆ ನಾವು ನಾಲ್ಕು ಜನ ಹೆಂಗಸ್ರು, ಎದುರಿಗೆ ಶಟರ್ರು, ಶಟರ್ರಿಗೆ ಹೊರಗಡೆ ಬೀಗ, ಬೀಗದ ಕೈ ಕಾರ್ಖಾನೆ ಯಜಮಾನ್ರ ಜೇಬಲ್ಲಿ. ಯಾಕೆ ಅಂತೀರಾ? ಭಾನುವಾರ ಅಲ್ವಾ. ತುಮಕೂರಿನ ಸತ್ಯಮಂಗಲದಲ್ಲಿ ಎಲ್ಲಾ ಕಾರ್ಖಾನೆಗೂ ರಜ. ರಜದ ದಿನ ಕೆಲ್ಸ ಮಾಡಿಸ್ತಾವ್ರೆ ಅಂತ ಯಾರಾದ್ರೂ ಇನ್‌ಸ್ಪೆಕ್ಟ್ರು ನೋಡೋಕೆ ಬಂದ್ರೆ ಬೀಗ ಕಾಣ್ಬೇಕು, ಬೀಗ ಕಂಡ್ರೆ ಒಳಗೆ ಯಾರೂ ಇಲ್ಲ ಅಂದ್ಕೊಂಡು ಹೋಗ್ತಾರೆ. ಬೆಳಗ್ಗೆ ಎಂಟಕ್ಕೆ ಹಾಕಿದ್ರೆ ಸಾಯಂಕಾಲ ಐದಕ್ಕೇ ತೆಗೆಯೋದು. ಬುತ್ತಿ ಒಳಗೆ, ನೀರು ಒಳಗೆ, ಬಚ್ಚಲು ಒಳಗೆ. ಕೆಮ್ಮೋದಾದ್ರೂ ಸೆರಗು ಬಾಯಿಗಿಟ್ಕೊಂಡು ಕೆಮ್ಮಬೇಕು. ಏನೇ ಚಂದನಾ, ನಗ್ತಾ ಇದೀಯಾ? ಅಜ್ಜಿ ಜೈಲಲ್ಲಿದ್ಳು ಅಂತಾನಾ? ಜೈಲೇ ಅಂದ್ಕೊ ಬುಡು. ಜೈಲಲ್ಲಾದ್ರೂ ಎಷ್ಟು ದಿನ ಅಂತ ಹೇಳಿರ್ತಾರೆ.

ಎಲ್ಲಿದ್ದೆ? ಹ್ಞಾ, ಬೀಗ. ಅದು ನೀರು ಕಾಯಿಸೋ ರಾಡು ಮಾಡೋ ಶೆಡ್ಡು. ಶೆಡ್ಡಿನ ಹಿಂದೆ ಗೋಡೆಗಂಟಿಕೊಂಡಂಗೆ ಯಜಮಾನ್ರ ಮನೆ, ಮನೆ ಪಕ್ಕದಲ್ಲಿ ಸಾಲಾಗಿ ಮೂರು ರೂಮು, ಅದರಲ್ಲೊಂದು ನಮ್ಗೆ ಕೊಟ್ಟಿದ್ರು. ನಿಮ್ ತಾತ ನಮ್ಮೂರು ಗುಬ್ಬೀಲಿ ತೋಟದಲ್ಲಿ ಕಾಯಿ ಕೀಳಕ್ಕೆ ಮರ ಹತ್ತಿ ಮೇಲಿಂದ ಬಿದ್ದು ಸೊಂಟ ಮುರ್ಕೊಂಡು ಮಲಗಿಬಿಟ್ಟಿದ್ರು. ತುಮಕೂರಲ್ಲಿ ದೊಡ್ಡಾಸ್ಪತ್ರೆಗೆ ತೋರಿಸ್ಬೇಕಲ್ಲ, ಅದಕ್ಕೇ ಊರು ಬಿಟ್ಟು ಬಂದಿದ್ದು. ನಿಮ್ಮಮ್ಮ ಆವಾಗ ಐದ್ನೇ ಕ್ಲಾಸು. ಒಂದು ರೂಮು, ಅದ್ರಲ್ಲಿ ಮಲಗಿರೋ ಗಂಡ, ಅಲ್ಲಿ ಹುಡುಗಿ ಹೆಂಗೆ ಓದ್ತಾಳೆ ಹೇಳಿ. ಕುಣಿಗಲ್ಲಲ್ಲಿ ಒಂದು ಹೆಣ್ಮಕ್ಳ ಹಾಸ್ಟೆಲ್ ಇತ್ತು, ಊಟ ವಸತಿ ಎಲ್ಲಾ ಅವ್ರದೇ, ಅಲ್ಲಿಗೆ ಸೇರಿಸಿದ್ದೆ. ಬಿಟ್ಟು ಬರೋವಾಗ ನನ್ನ ಸೀರೆ ಹಿಡ್ಕೊಂಡವ್ಳು ಬಿಡ್ಲೇ ಇಲ್ಲ, ಬೆರಳು ಒಂದೊಂದೇ ಬಿಡಿಸಿ ಬಂದೆ ಕಣ್ರೋ. ಇಲ್ಲಿ ನೋಡಿದ್ರೆ ನನ್ ಕೆಲ್ಸನೂ ಯಜಮಾನ್ರದ್ದೇ, ರೂಮೂ ಅವ್ರದ್ದೇ. ಯಜಮಾನ್ರು ಮುಖ ಸಿಂಡರಿಸಿದ್ರೆ ನಿಮ್ ತಾತನ್ನ ಮಂಚದ ಸಮೇತ ರೋಡಲ್ಲಿಡಬೇಕು. ಹಂಗಾಗಿ ಭಾನುವಾರನೂ ಬಾ ಅಂದ್ರೆ ಹೂಂ ಅಂದೆ, ಬೀಗ ಹಾಕ್ತೀನಿ ಅಂದ್ರೂ ಹೂಂ ಅಂದೆ.

ನನ್ ಕೆಲ್ಸ ಏನು ಗೊತ್ತಾ? ಟೆಸ್ಟಿಂಗು. ಮೊದ್ಲು ಇದ್ದಿದ್ದು ರಾಡಿನೊಳಗೆ ಕಾಯೋ ತಂತಿ ಇರ್ತದಲ್ಲ, ಆ ಸುರುಳಿ ಸುತ್ತೋ ಕಡೆ. ಟೆಸ್ಟಿಂಗ್ ಮಾಡ್ತಿದ್ದ ಆಯಪ್ಪ ಬೇರೆ ಕಡೆ ಹೋದ, ನಾನು ಎಸ್ಸೆಸ್ಸೆಲ್ಸಿ ತನಕ ಓದಿದ್ದೆ, ಗಣಿತದಲ್ಲಿ ಫೇಲು, ಆದ್ರೂ ಭಾಗಾಕಾರ ಬರ್ತಿತ್ತು. ಯಜಮಾನ್ರು ಕರೆದು, "ಸಾವಿತ್ರಮ್ಮ, ಇದೇನು ಬ್ರಹ್ಮವಿದ್ಯೆ ಅಲ್ಲ. ವೋಲ್ಟನ್ನ ಆಂಪ್ಸಿಂದ ಭಾಗಿಸಿದ್ರೆ ಓಮ್ಸು, ತಂತಿ ಎಷ್ಟು ಅಡ್ಡ ನಿಲ್ತದೆ ಅಂತ. ವೋಲ್ಟಿಗೆ ಆಂಪ್ಸು ಗುಣಿಸಿದ್ರೆ ವಾಟ್ಸು, ಎಷ್ಟು ಕಾಯ್ತದೆ ಅಂತ. ಬಂತಾ ತಲೆಗೆ?" ಅಂದ್ರು. ಬಂತು. ನಮ್ಮ ರಾಡಿಗೆ ಇನ್ನೂರಮೂವತ್ತು ವೋಲ್ಟು, ಆರೂವರೆ ಆಂಪ್ಸು. ಭಾಗಿಸಿದ್ರೆ ಮೂವತ್ತೈದೂ ಚಿಲ್ರೆ ಓಮ್ಸು, ಗುಣಿಸಿದ್ರೆ ಸಾವಿರದ ನಾನೂರ ತೊಂಬತ್ತೈದು, ಸಾವಿರದೈನೂರು ವಾಟ್ಸು ಅಂತ ಬರ್ಕೊಳೋದು. ಒಂದು ತಗಡಿನ ಬಿಲ್ಲೆ ಮೇಲೆ ಮೊಳೇಲಿ ಕೆತ್ತಿ, ಕೆಳಗೆ ನನ್ನ ಹೆಸ್ರು ಕೆತ್ತಿ, ರಾಡಿನ ಕತ್ತಿಗೆ ತಂತೀಲಿ ಕಟ್ಟೋದು. ಹೆಸ್ರು ಯಾಕೆ ಅಂದ್ರೆ ನಾಳೆ ಏನಾರ ಆದ್ರೆ ಯಾರನ್ನ ಕೇಳ್ಬೇಕು ಅನ್ನೋದಕ್ಕೆ. ನಂಗೆ ಅದೆಲ್ಲಾ ಎಲ್ಲಿ ಗೊತ್ತಾಗ್ಬೇಕು. ನನ್ ಹೆಸ್ರು ತಗಡಲ್ಲಿ ಬಂತಲ್ಲ ಅಂತ ಖುಷಿ. ಊರಲ್ಲಿ ರೇಷನ್ ಕಾರ್ಡ್ ಬಿಟ್ರೆ ಇನ್ನೆಲ್ಲೂ ಬಂದಿರ್ಲಿಲ್ಲ ನನ್ ಹೆಸ್ರು.

ಈಗ ನಾನು ಮಾಡಿದ ಕೆಲ್ಸ ಕೇಳಿ. ಮೊದಲನೇ ವಾರನೇ ನೋಡ್ತೀನಿ, ಯಾವ ಸುರುಳಿ ಹಾಕಿದ್ರೂ ಆಂಪ್ಸು ಐದೇ ತೋರಿಸ್ತದೆ, ಐದರ ಮೇಲೆ ಒಂಚೂರು. ಆರೂವರೆ ಬರ್ಬೇಕಲ್ವಾ? ಹಳೆ ಆಯಪ್ಪ ಹೆಂಗೆ ಪಾಸ್ ಮಾಡ್ತಿದ್ದ, ಸುಳ್ ಸುಳ್ಳೇ ಬರೀತಿದ್ನೇನೋ ಅಂದ್ಕೊಂಡೆ. ಸುರುಳಿ ತಂತಿ ಉದ್ದ ಇದ್ರೆ ಆಂಪ್ಸು ಕಮ್ಮಿ, ತುಂಡು ಮಾಡಿದ್ರೆ ಜಾಸ್ತಿ, ಅಷ್ಟು ಸುತ್ತಿ ಸುತ್ತಿ ಗೊತ್ತಿತ್ತು. ಕತ್ರಿ ತಗೊಂಡು ಒಂದು ಗೇಣು ಕತ್ತರಿಸ್ದೆ, ನೋಡ್ದೆ. ಇನ್ನೊಂಚೂರು ಕತ್ತರಿಸ್ದೆ. ಆರೂವರೆಗೆ ಬಂದು ನಿಲ್ತು ಮೀಟ್ರಿನ ಮುಳ್ಳು! ಓಡೋಗಿ ಯಜಮಾನ್ರಿಗೆ ತೋರಿಸ್ದೆ. ಅವ್ರು ಉಳಿದ ತಂತಿ ತುಂಡು ಕೈಲಿಡ್ಕೊಂಡು, "ಭಲೇ ಸಾವಿತ್ರಮ್ಮ, ಇಷ್ಟು ದಿನ ಈ ತಂತಿ ಎಲ್ಲಾ ದಂಡ ಆಗ್ತಿತ್ತಲ್ಲ. ಇನ್ಮೇಲೆ ಎಲ್ಲಾದಕ್ಕೂ ಹಿಂಗೇ ಮಾಡು" ಅಂದ್ರು. ಅವತ್ತು ನಾನು ನಡೆದಿದ್ದೇ ಬೇರೆ ನಡಿಗೆ ಕಣ್ರೋ. ನಿಮ್ ತಾತಂಗೆ ಗಂಜಿ ಕುಡಿಸ್ತಾ ಕುಡಿಸ್ತಾ ಮೂರು ಸಲ ಹೇಳ್ದೆ, ಯಜಮಾನ್ರು ಭಲೇ ಅಂದ್ರು ಅಂತ. ಪಾಪ ಅವ್ರೂ ಮೂರು ಸಲ ಹೂಂ ಹೂಂ ಅಂದ್ರು.

ವೋಲ್ಟು ನೋಡಿದ್ಯಾ ಅಂತ ಕೇಳ್ತಿದೀಯಲ್ಲ ಹರ್ಷ, ಅಲ್ಲೇ ಇರೋದು ನೋಡು ನನ್ ತಪ್ಪು. ಗೋಡೆ ಮೇಲೆ ಪೇಂಟಲ್ಲಿ ಇನ್ನೂರಮೂವತ್ತು ಅಂತ ದಪ್ಪಗೆ ಬರೆದಿತ್ತು. ಪೇಂಟಲ್ಲಿ ಬರೆದಿರೋದು ಸುಳ್ಳಾಗ್ತದಾ? ನಾನು ಅದನ್ನೇ ಬರ್ಕೊಂತಿದ್ದೆ. ವೋಲ್ಟಿನ ಮೀಟ್ರು ಅದರ ಪಕ್ಕದಲ್ಲೇ ಇತ್ತು, ಇಲ್ಲ ಅಂತಿಲ್ಲ. ಅದರ ಮುಳ್ಳು ಯಾವಾಗ್ಲೂ ಎಡಕ್ಕೆ ವಾಲಿಕೊಂಡು ನೂರೆಂಬತ್ತರ ಹತ್ರ ಬಿದ್ದಿರ್ತಿತ್ತು. ನೋಡಿದ್ದೆ. ನೋಡಿ, ಹಳೇ ಮೀಟ್ರು, ಮುಳ್ಳು ಸೋತೋಗಿದೆ ಅಂದ್ಕೊಂಡಿದ್ದೆ. ಆಂಪ್ಸಿನ ಮುಳ್ಳನ್ನ ನಂಬಿದವಳು ವೋಲ್ಟಿನ ಮುಳ್ಳನ್ನ ಯಾಕೆ ನಂಬ್ಲಿಲ್ಲ ಅಂತ ಈಗ್ಲೂ ಕೇಳ್ಕೋತೀನಿ. ನಂಗೆ ಬೇಕಾದ ಹಂಗೆ ಇದ್ದಿದ್ದನ್ನ ನಂಬಿದೆ, ಇನ್ನೇನು.

ಆ ಭಾನುವಾರ. ನಾನು ಟೆಸ್ಟಿಂಗಿಗೆ ಬಂದ್ಮೇಲೆ ಭಾನುವಾರ ಕೆಲ್ಸ ಇದ್ದಿದ್ದು ಅದೇ ಮೊದ್ಲು. ಬೀಗ ಬಿತ್ತು, ಒಳಗೆ ಕೆಲ್ಸ ಶುರು ಆಯ್ತು. ಪೈಪಿಗೆ ತುಂಬಿ ರೆಡಿಯಾಗಿದ್ದ ರಾಡನ್ನ ನೀರಿನ ತೊಟ್ಟಿಗಿಳಿಸಿ ಸ್ವಿಚ್ ಹಾಕ್ದೆ. ಆಂಪ್ಸು ಎಂಟು ದಾಟ್ತು. ಎಂಟು ಪಾಯಿಂಟ್ ಮೂರು. ಅಯ್ಯೋ, ಮೀಟ್ರು ಕೆಡ್ತಲ್ಲ ಅಂತ ಬೇರೆ ರಾಡು ಇಳಿಸ್ದೆ. ಅದೂ ಎಂಟು ಪಾಯಿಂಟ್ ಮೂರು. ಶುಕ್ರವಾರ ಪಾಸ್ ಮಾಡಿ ಆರೂವರೆ ಅಂತ ನಾನೇ ಕೈಯ್ಯಾರ ಕೆತ್ತಿದ್ದ ರಾಡಿತ್ತು, ಅದನ್ನ ಇಳಿಸ್ದೆ. ಅದೂ ಅಷ್ಟೇ! ಆವಾಗ ತಲೆ ಎತ್ತಿ ಗೋಡೆ ಕಡೆ ನೋಡ್ದೆ. ವೋಲ್ಟಿನ ಮುಳ್ಳು ಎದ್ದು ಕೂತವ್ಳಂಗೆ ನೆಟ್ಟಗೆ ಇನ್ನೂರಮೂವತ್ತರಲ್ಲಿ ನಿಂತಿದೆ. ಜಯಮ್ಮ ಅಂತ ಇದ್ರು, ನಂಗಿಂತ ದೊಡ್ಡೋರು, ಹಳಬ್ರು, ಅವ್ರನ್ನ ಕೇಳ್ದೆ, "ಜಯಮ್ಮಕ್ಕ, ಈ ಮುಳ್ಳು ಯಾಕೆ ಇವತ್ತು ಹಿಂಗೆ ನಿಂತಿದೆ?" ಅವ್ರು ತಲೆನೂ ಎತ್ತದೆ, "ಭಾನುವಾರ ಅಲ್ವೇನೇ, ಸುತ್ತ ಮುತ್ತ ಒಂದು ಮಿಷನ್ನೂ ಓಡಲ್ಲ, ಕರೆಂಟು ಫುಲ್ ಬರ್ತದೆ. ಮಿಕ್ಕ ದಿನ ಅವ್ರೆಲ್ಲಾ ಎಳ್ಕೊಂಡು ನಮ್ಗೆ ಉಳಿಯೋದೇ ಅಷ್ಟು" ಅಂದ್ರು.

ಮೊಳೆ ತಗೊಂಡು ನೆಲದ ಮೇಲೇ ಲೆಕ್ಕ ಹಾಕ್ದೆ. ಇವತ್ತಿಂದು: ಇನ್ನೂರಮೂವತ್ತನ್ನ ಎಂಟು ಪಾಯಿಂಟ್ ಮೂರರಿಂದ ಭಾಗಿಸಿದ್ರೆ ಇಪ್ಪತ್ತೇಳೂ ಮುಕ್ಕಾಲು ಓಮ್ಸು. ಮಿಕ್ಕ ದಿನದ್ದು: ನೂರೆಂಬತ್ತನ್ನ ಆರೂವರೆಯಿಂದ ಭಾಗಿಸಿದ್ರೆ? ಅದೇ. ಇಪ್ಪತ್ತೇಳೂ ಮುಕ್ಕಾಲು. ತಂತಿ ಸುಳ್ಳು ಹೇಳಿಲ್ಲ ಕಣ್ರೋ, ಎರಡು ದಿನವೂ ಒಂದೇ ಮಾತು ಹೇಳಿದೆ. ಮೂವತ್ತೈದು ಅಂತ ಬರೆದವ್ಳು ನಾನು. ಹಳೆ ಆಯಪ್ಪ ಸರಿಯಾಗೇ ಇದ್ದ, ಕಮ್ಮಿ ವೋಲ್ಟಿಗೆ ಐದೇ ಆಂಪ್ಸು ಬರ್ಬೇಕಾಗಿದ್ದಿದ್ದು, ನಾನು ಕತ್ರಿ ಹಾಕಿ ಕೆಡಿಸಿದ್ದೆ. ಗುಣಿಸ್ದೆ. ಇನ್ನೂರಮೂವತ್ತು, ಎಂಟು ಪಾಯಿಂಟ್ ಮೂರು, ಸಾವಿರದ ಒಂಬೈನೂರ ಚಿಲ್ರೆ ವಾಟ್ಸು. ಸಾವಿರದೈನೂರು ಅಂತ ಬಿಲ್ಲೆ ಕಟ್ಟಿದ ರಾಡು, ಫುಲ್ ಕರೆಂಟು ಬಂದ ದಿನ ಸಾವಿರದ ಒಂಬೈನೂರು ಕಾಯ್ತದೆ. ಆ ರಾಡು ಎಲ್ಲಿಗೆ ಹೋಗಿದೆ? ಹಿಂದಿನ ಬುಧವಾರ ತಾನೆ ಆರು ರಾಡು ಕುಣಿಗಲ್ ಹಾಸ್ಟೆಲ್‌ಗೆ ಹೋಗಿತ್ತು. ನಿಮ್ಮಮ್ಮ ಇದ್ಳಲ್ಲ, ಅದೇ ಹಾಸ್ಟೆಲ್‌ಗೆ. ಯಜಮಾನ್ರು ಫಿಟ್ ಮಾಡಿಸಿ ಬಂದು ನಮ್ಮೆದುರಿಗೇ ಹೇಳಿದ್ರು, "ಒಂದೊಂದು ಸ್ವಿಚ್ಚಿಗೆ ಎರಡೆರಡು ರಾಡು, ಆರೂವರೆ ಆರೂವರೆ ಹದಿಮೂರು, ಹದಿನೈದು ಆಂಪ್ಸಿನ ಸ್ವಿಚ್ಚು ಆರಾಮಾಗಿ ತಡೀತದೆ" ಅಂತ. ಈಗ ಎಂಟೂ ಚಿಲ್ರೆ, ಎಂಟೂ ಚಿಲ್ರೆ ಎಷ್ಟು? ಹದಿನಾರೂವರೆ, ಸ್ವಿಚ್ಚು ಕಾದು ಹತ್ಕೊಳ್ತದೆ. ಅದೂ ಯಾವತ್ತು? ಭಾನುವಾರ. ಇಡೀ ಹಾಸ್ಟೆಲ್ ಹುಡ್ಗೀರು ತಲೆಗೆ ಸ್ನಾನ ಮಾಡೋ ದಿನ, ಬೆಳಗ್ಗಿಂದ ಮಧ್ಯಾಹ್ನದ ತನಕ ರಾಡು ಆರಿಸದೆ ಉರೀತಿರ್ತದೆ. ಕುಣಿಗಲ್ಲಲ್ಲೂ ಮಿಲ್ಲುಗಿಲ್ಲು ಎಲ್ಲಾ ರಜ.

ಶಟರ್ ಬಡಿದೆ. ಎರಡೂ ಕೈಲಿ ಬಡಿದೆ. "ಯಜಮಾನ್ರೇ, ಬಾಗ್ಲು ತೆಗೀರಿ, ಯಜಮಾನ್ರೇ!" ಸತ್ಯಮಂಗಲದಲ್ಲಿ ಭಾನುವಾರ ನಾಯಿನೂ ಇರಲ್ಲ. ಹಿಂದಿನ ಗೋಡೆ ಗುದ್ದಿದೆ, ಆ ಕಡೆ ಅವ್ರ ಮನೇಲಿ ಟಿವಿ ಓಡ್ತಿತ್ತು. ಆವಾಗ ಭಾನುವಾರ ಬೆಳಗ್ಗೆ ಟಿವೀಲಿ ದೇವರ ಕಥೆ ಬರ್ತಿತ್ತು, ಇಡೀ ಊರು ಅದರ ಮುಂದೆ ಕೂತಿರ್ತಿತ್ತು. ನಾನು ಗುದ್ದಿದ್ದಕ್ಕೆ ಅವ್ರು ಏನ್ ಮಾಡಿದ್ರು ಗೊತ್ತಾ? ಟಿವಿ ಸೌಂಡು ಜಾಸ್ತಿ ಮಾಡಿದ್ರು! ನಮ್ ಗಲಾಟೆ ರೋಡಿಗೆ ಕೇಳ್ಬಾರ್ದು ಅಂತ. ಜಯಮ್ಮಕ್ಕ ಬಂದು ನನ್ ರಟ್ಟೆ ಹಿಡ್ಕೊಂಡು, "ಸುಮ್ನಿರೇ ಸಾವಿತ್ರಿ, ನಮ್ಮನ್ನೂ ಕೆಲ್ಸದಿಂದ ತೆಗೆಸ್ತೀಯ" ಅಂದ್ರು. ನಾನು ಅಲ್ಲೇ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತ್ಬಿಟ್ಟೆ. ಮೇಲೆ ಶೀಟು, ಸುತ್ತ ಗೋಡೆ, ಕಿಟಕಿಗೆ ಕಬ್ಬಿಣದ ಜಾಲ್ರಿ. ನಿಮ್ಮಮ್ಮ ಬಕೆಟ್ ಹಿಡ್ಕೊಂಡು ಆ ರಾಡಿನ ಪಕ್ಕದಲ್ಲಿ ಸಾಲಲ್ಲಿ ನಿಂತಿರೋದು ಕಣ್ಣಿಗೆ ಕಟ್ತಿತ್ತು. ಯಾವ ದೇವ್ರ ಹೆಸ್ರೂ ನೆನಪಿಗೆ ಬರ್ಲಿಲ್ಲ ಅಂದ್ರೆ ನೀವು ನಂಬ್ತೀರಾ? ಬರೀ ಹದಿನಾರೂವರೆ, ಹದಿನಾರೂವರೆ ಅಂತ ಒಂದೇ ಸಮ ತಲೇಲಿ.

ಅದೇ ಹದಿನಾರೂವರೆಯಿಂದಲೇ ನೋಡಿ ಹೊಳೆದಿದ್ದು. ಅಲ್ಲ, ಅಲ್ಲಿ ಎರಡು ರಾಡಿಗೇ ಸ್ವಿಚ್ಚು ತಡಿಯಲ್ಲ ಅಂದ್ರೆ, ಇಲ್ಲಿ ಎಷ್ಟಕ್ಕೆ ತಡಿಯಲ್ಲ? ಶೆಡ್ಡಿಗೂ ಮನೆಗೂ ಒಂದೇ ಮೈನು, ಅದರ ಫ್ಯೂಸು ಇರೋದು ಯಜಮಾನ್ರ ಮನೆ ಜಗಲೀಲಿ, ಮೂವತ್ತು ಆಂಪ್ಸಿಂದು. ನಮ್ ಶೆಡ್ಡೊಳಗೂ ಒಂದು ಫ್ಯೂಸಿತ್ತು, ಅದು ಪದೇ ಪದೇ ಹಾರ್ತದೆ ಅಂತ ಯಜಮಾನ್ರೇ ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿಟ್ಟಿದ್ರು, ಅದು ಜಪ್ಪಯ್ಯ ಅಂದ್ರೂ ಹಾರಲ್ಲ. ಹಂಗಾದ್ರೆ ಹಾರೋದು ಮನೇದು. ನಾಲ್ಕು ರಾಡು ಮೂವತ್ಮೂರು, ಅಷ್ಟಕ್ಕೆ ಒದ್ದಾಡ್ಕೊಂಡು ತಡೆದ್ರೂ ತಡೀಬೋದು. ಆರು ರಾಡು ಐವತ್ತು. ಆರು ಇಳಿಸ್ಬೇಕು.

"ಜಯಮ್ಮಕ್ಕ, ಟಿವಿ ನಿಂತ್ರೆ ಯಜಮಾನ್ರು ಎದ್ದು ಬರ್ತಾರಲ್ವಾ?" ಅಂದೆ. ಅವ್ರು ನನ್ ಮುಖ ನೋಡಿದ್ರು, ಕೈಲಿದ್ದ ರಾಡುಗಳ್ನ ನೋಡಿದ್ರು. "ಏಯ್, ನಿಂಗೇನ್ ತಲೆ ಕೆಟ್ಟಿದ್ಯಾ? ವೈರು ಹತ್ಕೊಂಡ್ರೆ? ಬೀಗ ಹೊರಗಡೆ ಕಣೇ! ನಾಲ್ಕು ಜನನೂ ಬೆಂದೋಗ್ತೀವಿ!" ಅದೂ ನಿಜ. ಸುಳ್ಳು ಹೇಳಿದ್ರೇನು ಬಂತು, ನಾನು ಒಬ್ಬಳೇ ಆಗಿದ್ರೆ ಯೋಚ್ನೆ ಮಾಡ್ತಿರ್ಲಿಲ್ಲ, ಆ ಮೂರು ಜನಕ್ಕೂ ಮನೇಲಿ ಮಕ್ಳಿದ್ವು. "ಅಕ್ಕ, ನೀವು ಸ್ವಿಚ್ ಹತ್ರ ನಿಂತ್ಕೊಳ್ಳಿ. ವೈರಲ್ಲಿ ಬೆಂಕಿ ಕಂಡ್ರೆ ಆರಿಸ್ಬಿಡಿ. ನಾನು ಬೇಡ ಅನ್ನಲ್ಲ. ನನ್ ಮಗ್ಳು ಭಾಗ್ಯ ಅಲ್ಲವ್ಳೆ" ಅಂದೆ. ಭಾಗ್ಯ ಅಂದಿದ್ದಕ್ಕೆ ಜಯಮ್ಮಕ್ಕ ಹೋಗಿ ಸ್ವಿಚ್ ಹತ್ರ ನಿಂತ್ರು, ಒಣಗಿದ ಹಲಗೆ ಒಂದು ಕಾಲಡಿಗೆ ಹಾಕ್ಕೊಂಡು.

ಒಂದು, ಎರಡು, ಮೂರು. ತೊಟ್ಟೀಲಿ ನೀರು ಗುಂಯ್ ಅಂತು. ನಾಲ್ಕು. ಐದು. ಬಲ್ಬು ಮಂಕಾಯ್ತು. ಆರು. ನೀವು ಮಾಡೋಕೆ ಹೋಗ್ಬೇಡಿ ಮತ್ತೆ, ಅಜ್ಜಿ ಮಾಡಿದ್ಳು ಅಂತ! ರಬ್ಬರು ಕಾದ ವಾಸ್ನೆ ಬಂತು. ಜಯಮ್ಮಕ್ಕ "ಸಾವಿತ್ರಿ ಸಾಕು, ಆರಿಸ್ತೀನಿ" ಅಂತಾರೆ, "ಒಂಚೂರು ತಡೀರಿ ಅಕ್ಕ" ಅಂತೀನಿ. ಗೋಡೆ ಮೇಲಿನ ವೈರು ಬೆವರಿದಂಗೆ ಮಿಂಚ್ತಿದೆ. "ಆರಿಸ್ತೀನಿ ಕಣೇ!" "ಒಂಚೂರು, ಒಂಚೂರು." ಆ ಕಡೆ ಟಿವೀಲಿ ಶಂಖ ಊದ್ತಾವ್ರೆ. ನಾನು ಸೋತು, ಆಯ್ತು ಆರಿಸಿ ಅನ್ನಕ್ಕೆ ಬಾಯಿ ತೆರೆದೆ, ಅಷ್ಟರಲ್ಲಿ ಟಪ್ ಅಂತು. ಶಂಖ ನಿಂತೋಯ್ತು. ಬಲ್ಬು ಹೋಯ್ತು. ಗೋಡೆ ಆ ಕಡೆ ಯಜಮಾನ್ರ ದನಿ, "ಯಾವಳದು! ಯಾವಳದು ಫ್ಯೂಸ್ ಹಾರಿಸಿದ್ದು!"

ಶಟರ್ರು ಮೊಣಕಾಲುದ್ದ ಎದ್ದಿತು. ಅಷ್ಟೇ. ರೋಡು ಆ ಕಡೆ ಈ ಕಡೆ ನೋಡ್ಕೊಂಡು ಬಗ್ಗಿ ಒಳಗೆ ಬಂದ್ರು. ನಾನು ಎಲ್ಲಾ ಹೇಳ್ದೆ, ನೆಲದ ಮೇಲಿನ ಲೆಕ್ಕ ತೋರಿಸ್ದೆ. ಅವ್ರಿಗೆ ಅರ್ಥ ಆಯ್ತು. ಅರ್ಥ ಆಗಿಲ್ಲ ಅಂದ್ರೆ ನಂಗೆ ಅಷ್ಟು ಸಂಕಟ ಆಗ್ತಿರ್ಲಿಲ್ಲ. ಕಾಲಲ್ಲಿ ಲೆಕ್ಕ ಒರೆಸಿದ್ರು. "ಸೋಮವಾರ ನೋಡಣ. ಅಲ್ಲಿ ಫೋನಿಲ್ಲ, ನಾನು ಈಗ ಹೋಗಕ್ಕಾಗಲ್ಲ. ಏನೂ ಆಗಲ್ಲ ಬುಡು." "ನನ್ ಮಗ್ಳಿದಾಳೆ ಯಜಮಾನ್ರೇ." "ಸಾವಿತ್ರಮ್ಮ, ಈಗ ಈ ಬಾಗ್ಲು ದಾಟಿದ್ರೆ ನಾಳೆ ಬರ್ಬೇಡ. ರೂಮಿನ ಕಥೆನೂ ಯೋಚ್ನೆ ಮಾಡ್ಕೊ." ಆ ಶಟರ್ ಕೆಳಗೆ ಮೊಣಕಾಲುದ್ದ ಬೆಳಕಿತ್ತು ನೋಡಿ, ನಾನು ಮಲಗಿ ಅದರಡಿ ಉರುಳಿ ಆಚೆ ಬಿದ್ದೆ.

ಹೊರಗೆ ಬಂದ್ಮೇಲೆ ಬಿಡುಗಡೆ ಆಯ್ತು ಅಂದ್ಕೊಂಡ್ರಾ? ಬಸ್ಸಲ್ಲಿ ಇನ್ನೂ ಸಂಕಟ. ಕುಣಿಗಲ್ ಬಸ್ಸು ಗಿಜಿಗಿಜಿ ಅಂತಿತ್ತು. ಯಾರದ್ದೋ ಮದುವೆ ಜನ, ನಡುವೆ ಸಿಕ್ಕಾಕ್ಕೊಂಡು ಕೈ ಎತ್ತಕ್ಕೂ ಆಗದೆ ನಿಂತಿದ್ದೆ. ಹೆಬ್ಬೂರಲ್ಲಿ ಡ್ರೈವರು ಇಳಿದು ಟೀ ಕುಡಿಯಕ್ಕೆ ಹೋದ. ನಾನು ಕಿಟಕೀಲಿ ಕೂಗ್ತೀನಿ, "ಅಣ್ಣಾ, ಬೇಗ ಹೊರಡಣ್ಣಾ, ಮಗು ಕಥೆ ಅಣ್ಣಾ." ಅವ್ನು ಲೋಟ ಎತ್ತಿ ತೋರಿಸಿದ, ಬಂದೆ ಇರಮ್ಮ ಅಂತ. ಆ ಲೋಟ ಖಾಲಿ ಆಗೋ ಅಷ್ಟೊತ್ತಿಗೆ ನನ್ ಆಯಸ್ಸು ಹತ್ತು ವರ್ಷ ಕಮ್ಮಿ ಆಯ್ತು.

ಹಾಸ್ಟೆಲ್ ಗೇಟಲ್ಲೇ ವಾಸ್ನೆ ಬಂತು. ಸುಟ್ಟ ವೈರಿನ ವಾಸ್ನೆ, ಅದನ್ನ ನಾನು ಎಲ್ಲಿದ್ರೂ ಹಿಡೀತೀನಿ. ಹುಡ್ಗೀರೆಲ್ಲಾ ಒದ್ದೆ ತಲೇಲಿ ಅಂಗಳದಲ್ಲಿ ನಿಂತಿದಾವೆ. ಬಚ್ಚಲ ಗೋಡೆಲಿ ಸ್ವಿಚ್ಚು ಕರಗಿ ಇಳಿದಿದೆ, ಮೇಲೆಲ್ಲಾ ಮಸಿ. ವಾರ್ಡನಮ್ಮ ಹೊಗೆ ಕಂಡು ಮೈನು ಆರಿಸಿದ್ರಂತೆ, ಆ ತಾಯಿ ಹೊಟ್ಟೆ ತಣ್ಣಗಿರ್ಲಿ, ಯಾರಿಗೂ ಏನೂ ಆಗಿರ್ಲಿಲ್ಲ. ಒಬ್ಬಳನ್ನ ಬಿಟ್ಟು. ನಿಮ್ಮಮ್ಮ ಮೆಟ್ಟಿಲ ಮೇಲೆ ಕೂತಿದ್ಳು, ಬಲಗೈ ಬಕೆಟ್ ನೀರಲ್ಲಿ ಅದ್ದಿಕೊಂಡು. ಅಂಗೈ ಪೂರ್ತಿ ಬೊಬ್ಬೆ. ನಿಮ್ಮಮ್ಮನ ಅಂಗೈಲಿ ಕಲೆ ಇದೆಯಲ್ಲ, ಗಂಜಿ ಬಿದ್ದಿದ್ದು ಅಂತ ನಿಮಗೆ ಹೇಳಿದೀವಲ್ಲ, ಗಂಜಿ ಅಲ್ಲ ಅದು. ವಾರ್ಡನಮ್ಮ ಬೈತಿದ್ರು, "ನೋಡಿ ಇವ್ಳನ್ನ, ಕರೆಂಟು ಆರಿಸಿ ರಾಡು ಎತ್ತಿ ಹೊರಗಿಟ್ಟಿದ್ದೀನಿ, ಯಾರೂ ಮುಟ್ಬೇಡಿ ಅಂದಿದ್ದೀನಿ, ಎಲ್ರೂ ದೂರ ಓಡಿದ್ರೆ ಇವ್ಳು ಓಡಿ ಹೋಗಿ ಆ ಕೆಂಡದಂಥ ರಾಡಿನ ಕತ್ತು ಹಿಡ್ಕೊಂಡವ್ಳೆ! ಯಾಕೆ ಅಂದ್ರೆ ಬಾಯೇ ಬಿಡ್ತಿಲ್ಲ."

ನಾನು ಪಕ್ಕದಲ್ಲಿ ಕೂತು ತಲೆ ಸವರಿದೆ. ಅಳ್ಲಿಲ್ಲ ಅವ್ಳು. ವಾರ್ಡನಮ್ಮ ಆ ಕಡೆ ತಿರುಗೋದನ್ನೇ ಕಾದು ಎಡಗೈ ಮುಷ್ಟಿ ನನ್ ಮಡಿಲಲ್ಲಿಟ್ಟು ಬಿಚ್ಚಿದ್ಳು. ತಗಡಿನ ಬಿಲ್ಲೆಗಳು, ಎರಡು. ಕಿವಿ ಹತ್ರ ಬಂದು ಹೇಳ್ತಾಳೆ, "ಯಾರ್ ಮಾಡಿದ ರಾಡು ಅಂತ ನೋಡಿ ಕಂಪ್ಲೇಂಟ್ ಕೊಡ್ತೀನಿ ಅಂದ್ರು ಅವ್ವಾ. ನಿನ್ ಹೆಸ್ರಿತ್ತಲ್ಲ. ಕಿತ್ಕೊಂಡುಬಿಟ್ಟೆ. ಯಾರೂ ನೋಡಿಲ್ಲ."

ಹತ್ತು ವರ್ಷದ ಮಗು ಕಣ್ರೋ. ನಂಗೆ ಆವಾಗ ಬಂತು ಅಳು, ಅಷ್ಟೊತ್ತು ಬರದೆ ಇದ್ದಿದ್ದೆಲ್ಲಾ. ಎದ್ದೆ, ಆ ಬಿಲ್ಲೆ ತಗೊಂಡು ಹೋಗಿ ವಾರ್ಡನಮ್ಮನ ಕೈಲಿಟ್ಟು, "ಇದು ನನ್ ಹೆಸ್ರು, ಇದು ನಾನು ಬರೆದಿದ್ದು, ತಪ್ಪು ಬರೆದಿದೀನಿ, ಮಿಕ್ಕ ರಾಡೂ ಹಾಕ್ಬೇಡಿ" ಅಂದೆ. ನಿಮ್ಮಮ್ಮ ನನ್ನ ನೋಡಿದ ನೋಟ ಇದೆಯಲ್ಲ, ಕೈ ಸುಟ್ಟಿದ್ದಕ್ಕಿಂತ ಜಾಸ್ತಿ ನೋವು ಅವ್ಳಿಗೆ, ಅವ್ವ ತಾನೇ ಹೇಳ್ಬಿಟ್ಳಲ್ಲ ಅಂತ. ಕೆಲ್ಸ ಹೋಯ್ತು, ರೂಮೂ ಹೋಯ್ತು, ನಿಮ್ ತಾತನ್ನ ಟೆಂಪೋಲಿ ಮಲಗಿಸ್ಕೊಂಡು ಗುಬ್ಬಿಗೆ ವಾಪಸ್ ಬಂದ್ವಿ, ಅದೆಲ್ಲಾ ಆಯ್ತು ಬುಡಿ, ಬದುಕಿದ್ವಿ. ಆದ್ರೆ ಇದೊಂದು ನೆನಪಿಟ್ಕೊಳ್ಳಿ. ತಪ್ಪು ನಮ್ದು ಅಂತ ಗೊತ್ತಾದ್ರೆ ನಾವೇ ಬಾಯಿಬಿಟ್ಟು ಹೇಳ್ಬಿಡಬೇಕು, ಇಲ್ದಿದ್ರೆ ಅದನ್ನ ಮುಚ್ಚಕ್ಕೆ ಹೋಗಿ ನಮ್ ಮಕ್ಳು ಕೈ ಸುಟ್ಕೋತವೆ. ಸಾಕು, ಏಳಿ, ಮುದ್ದೆ ಆರೋಗ್ತದೆ.